ನೆತ್ತಿ ತೆಳುವಾಗುತ್ತಿದೆ: ಮಾತ್ರೆ ಈಗಲೇ ಶುರು ಮಾಡಬೇಕೇ, ಕಾದು ನೋಡಬೇಕೇ?

ಪ್ರಶ್ನೆ: ನನಗೆ 26 ವರ್ಷ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನವನು, ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಒಂದೂವರೆ ವರ್ಷದಿಂದ ಹಣೆಯ ಎರಡು ಮೂಲೆಗಳೂ ಹಿಂದೆ ಸರಿಯುತ್ತಿವೆ, ಸುಳಿಯ ಹತ್ತಿರ ಚರ್ಮ ಕಾಣುತ್ತಿದೆ. ಅಪ್ಪನಿಗೆ ಈಗಲೂ ತಲೆ ತುಂಬ ಕೂದಲು, ಆದರೆ ಸೋದರಮಾವಂದಿರಿಬ್ಬರೂ ಬೋಳು. ಚರ್ಮದ ಡಾಕ್ಟರು ಫಿನಾಸ್ಟೆರೈಡ್ 1 ಮಿ.ಗ್ರಾಂ ಮಾತ್ರೆ ಮತ್ತು ಮಿನಾಕ್ಸಿಡಿಲ್ 5% ಬರೆದುಕೊಟ್ಟಿದ್ದಾರೆ. ಚೀಟಿ ಇನ್ನೂ ಜೇಬಿನಲ್ಲೇ ಇದೆ. ಶುರು ಮಾಡಿದರೆ ಜೀವನಪೂರ್ತಿ ಬಿಡುವಂತಿಲ್ಲ, ಗಂಡಸುತನಕ್ಕೇ ಕುತ್ತು ಎಂದು ಗೆಳೆಯರು ಹೆದರಿಸುತ್ತಾರೆ. ಬೋರ್‌ವೆಲ್ ನೀರಿನ ದೋಷ, ಎಣ್ಣೆ ಹಚ್ಚು ಎನ್ನುತ್ತಾರೆ ಅಮ್ಮ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಚಿಕ್ಕ ಉತ್ತರ. ಇನ್ನು ಮೂರು ತಿಂಗಳು ಕಾದರೆ ನಿಮಗೆ ಹೆಚ್ಚಿನ ನಷ್ಟವಿಲ್ಲ, ಮೂರು ವರ್ಷ ಕಾದರೆ ಇದೆ. ಈ ಮೂರು ತಿಂಗಳಲ್ಲಿ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಇದು ನಿಜಕ್ಕೂ ಗಂಡಸರಿಗೆ ವಂಶದಿಂದ ಬರುವ ಬೋಳೇ, ಮುಂದುವರಿಯುತ್ತಲೇ ಇದೆಯೇ ಎಂಬುದು ಒಂದು. ಕನಿಷ್ಠ ಒಂದು ವರ್ಷ ದಿನವೂ ಔಷಧಿ ತೆಗೆದುಕೊಳ್ಳುವಷ್ಟು ಈ ಕೂದಲು ನಿಮಗೆ ಬೇಕೇ ಎಂಬುದು ಇನ್ನೊಂದು. ಎರಡಕ್ಕೂ ಹೌದು ಎಂದಾದರೆ ಶುರು ಮಾಡಿ. ಎರಡನೆಯದಕ್ಕೆ ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡುವುದೂ ಸರಿಯಾದ ತೀರ್ಮಾನವೇ. ಬೋಳಿನಿಂದ ದೇಹಕ್ಕೆ ಕೆಡುಕಿಲ್ಲ, ಚಿಕಿತ್ಸೆ ಮಾಡಲೇಬೇಕೆಂಬ ವೈದ್ಯಕೀಯ ಕಾರಣವೂ ಇಲ್ಲ. ನೀವು ಬರೆದ ಲಕ್ಷಣ ನೋಡಿದರೆ ಮೊದಲನೆಯದಕ್ಕೆ ಉತ್ತರ ಬಹುಶಃ ಹೌದೇ ಆಗುತ್ತದೆ.

ಕಾಯುವುದಕ್ಕೆ ಮಿತಿ ಏಕೆ? ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನಾಗಿ ಬದಲಿಸುತ್ತದೆ. ಹಣೆಯ ಮೂಲೆ ಮತ್ತು ನೆತ್ತಿಯ ಕೂದಲಿನ ಬುಡಗಳು ಕೆಲವರಲ್ಲಿ ಹುಟ್ಟಿನಿಂದಲೇ ಈ ಡಿಎಚ್‌ಟಿಯನ್ನು ತಾಳಲಾರವು. ಸಾಮಾನ್ಯವಾಗಿ ಒಂದು ಕೂದಲು 2ರಿಂದ 6 ವರ್ಷ ಬೆಳೆದು, ಮೂರು ತಿಂಗಳಷ್ಟು ಸುಮ್ಮನಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸದು ಬರುತ್ತದೆ. ಡಿಎಚ್‌ಟಿಗೆ ಸಿಕ್ಕಿದ ಬುಡದಲ್ಲಿ ಬೆಳೆಯುವ ಅವಧಿ ಸುತ್ತಿನಿಂದ ಸುತ್ತಿಗೆ ಗಿಡ್ಡವಾಗುತ್ತದೆ, ಕೂದಲು ಸಣ್ಣಗಾಗುತ್ತದೆ, ಕೊನೆಗೆ ಕೆನ್ನೆಯ ಮೇಲಿನ ರೋಮದಂತಾಗುತ್ತದೆ. ಅಂದರೆ ಬೋಳು ಎನ್ನುವುದು ಕೂದಲು ಉದುರಿದ್ದರಿಂದ ಬರುವುದಲ್ಲ, ಉದುರಿದ ಜಾಗದಲ್ಲಿ ಮತ್ತೆ ಬಂದದ್ದು ತೀರಾ ಸಣ್ಣದಾದ್ದರಿಂದ ಬರುವುದು. ಅರ್ಧ ಸಣ್ಣಗಾದ ಬುಡವನ್ನು ಔಷಧಿಯಿಂದ ಒಂದಿಷ್ಟು ದಪ್ಪ ಮಾಡಬಹುದು. ವರ್ಷಗಳಿಂದ ನುಣ್ಣಗಾಗಿ ಹೊಳೆಯುವ ಜಾಗದಲ್ಲಿ ಯಾವ ಔಷಧಿಯೂ ಹೆಚ್ಚೇನು ಮಾಡಲಾರದು.

ಈ ತಿಳಿವಳಿಕೆ ಬಂದದ್ದು ಎಲ್ಲಿಂದ ಎಂಬುದೂ ಸ್ವಾರಸ್ಯದ ವಿಷಯ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿನಿಂದ ಈ ಕಿಣ್ವದ ಕೊರತೆ ಇದ್ದ ಕೆಲವು ಕುಟುಂಬಗಳ ಅಧ್ಯಯನ 1974ರಲ್ಲಿ ಪ್ರಕಟವಾಯಿತು. ಆ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುತ್ತಿರಲಿಲ್ಲ, ತಲೆ ಬೋಳಾಗುತ್ತಿರಲಿಲ್ಲ. ಅದೇ ಜಾಡು ಹಿಡಿದು, ಈ ಕಿಣ್ವವನ್ನು ತಡೆಯಲೆಂದು ತಯಾರಾದ ಫಿನಾಸ್ಟೆರೈಡ್‌ಗೆ ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ತೊಂದರೆಗೆ 5 ಮಿ.ಗ್ರಾಂ ಆಗಿಯೂ 1997ರಲ್ಲಿ ಕೂದಲಿಗೆ 1 ಮಿ.ಗ್ರಾಂ ಆಗಿಯೂ ಒಪ್ಪಿಗೆ ಸಿಕ್ಕಿತು. ಮಿನಾಕ್ಸಿಡಿಲ್ ಮೂಲತಃ ಬಿಪಿ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬರತೊಡಗಿದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಒಂದು ಸೋರುವ ಕೆರೆ ಎಂದುಕೊಂಡರೆ, ಫಿನಾಸ್ಟೆರೈಡ್ ತೂಬಿನ ಸೋರಿಕೆ ಕಡಿಮೆ ಮಾಡುತ್ತದೆ, ಮಿನಾಕ್ಸಿಡಿಲ್ ಕಾಲುವೆಯಿಂದ ನೀರು ಬಿಡುತ್ತದೆ. ಮೂಲ ಕಾರಣವನ್ನು ಮುಟ್ಟುವುದು ಮೊದಲನೆಯದು.

ಈಗ ಖಚಿತಪಡಿಸಿಕೊಳ್ಳುವ ಕೆಲಸ. ಉದುರಿದ ಕೂದಲನ್ನು ಎಣಿಸುತ್ತ ಕೂರಬೇಡಿ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಲ್ಲೂ ಇದೆ. ಎಣಿಸುವ ಬದಲು ಅವುಗಳ ತುದಿ ನೋಡಿ. ತಲೆ ತೊಳೆದಾಗ ಉದುರಿದ್ದನ್ನು ಬಿಳಿ ಹಾಳೆಯ ಮೇಲೆ ಹರಡಿ. ಕತ್ತರಿ ಬಿದ್ದ ಕೂದಲಿನ ತುದಿ ಮೊಂಡಾಗಿರುತ್ತದೆ. 3 ಸೆಂ.ಮೀ.ಗಿಂತ ಗಿಡ್ಡವಾಗಿದ್ದು, ನೂಲಿನಷ್ಟು ಸಣ್ಣಗಿದ್ದು, ತುದಿ ಸೂಜಿಯಂತೆ ಚೂಪಾಗಿದ್ದರೆ ಅದಕ್ಕೆ ಕತ್ತರಿ ಮುಟ್ಟಿಲ್ಲ. ಅದರ ಆಯಸ್ಸೇ ಅಷ್ಟು. ಇಂಥವು ತುಂಬ ಇದ್ದರೆ ಬುಡಗಳು ಕುಗ್ಗುತ್ತಿವೆ. ಉದುರಿದ್ದೆಲ್ಲ ದಪ್ಪಗೆ, ಉದ್ದಕ್ಕೆ, ಬುಡದಲ್ಲಿ ಬಿಳಿ ಗಂಟಿನೊಂದಿಗೆ ಇದ್ದರೆ ಕಥೆ ಬೇರೆ ಇರಬಹುದು. ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ ಬಂದ ಎರಡು ಮೂರು ತಿಂಗಳ ಮೇಲೆ, ಇಲ್ಲವೇ ಊಟ ಬಿಟ್ಟು ತೂಕ ಇಳಿಸಿದ ಮೇಲೆ ಇಡೀ ತಲೆಯಿಂದ ಹಿಡಿ ಹಿಡಿಯಾಗಿ ಕೂದಲು ಬರುತ್ತದೆ. ಕಾರಣ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ, ದೀರ್ಘಕಾಲದ ಔಷಧಿ ಬೇಕಿಲ್ಲ.

ಹಣೆಯ ಮೂಲೆ ಸರಿದಿದ್ದೆಲ್ಲ ಬೋಳಿನ ಆರಂಭವೂ ಅಲ್ಲ. ಹುಬ್ಬು ಎತ್ತಿದಾಗ ಹಣೆಯಲ್ಲಿ ಬೀಳುವ ಎಲ್ಲಕ್ಕಿಂತ ಮೇಲಿನ ಗೆರೆಯಿಂದ ಒಂದು ಬೆರಳಿನಗಲ ಮೇಲಕ್ಕೆ ಕೂದಲಿನ ಅಂಚು ಇದ್ದರೆ, ಅದು ಹದಿಹರೆಯ ದಾಟಿದ ಗಂಡಸಿನ ಸಹಜ ಅಂಚು. ಅದಕ್ಕಿಂತ ಮೇಲೆ ಹೋಗಿದ್ದರೆ, ಜೊತೆಗೆ ನೆತ್ತಿಯೂ ತೆಳುವಾಗಿದ್ದರೆ, ಸಂಶಯ ಉಳಿಯುವುದಿಲ್ಲ. ಸುಳಿಯ ನಡುವೆ ಸ್ವಲ್ಪ ಚರ್ಮ ಕಾಣುವುದು ಮಾತ್ರ ಎಲ್ಲರಿಗೂ ಸಹಜ. ಒದ್ದೆ ತಲೆಯಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಯಾರ ತಲೆಯೂ ಬೋಳಾಗಿಯೇ ಕಾಣುತ್ತದೆ. ಹೆದರಿಕೆಯ ಅರ್ಧ ಭಾಗ ಹುಟ್ಟುವುದೇ ಅಂಥ ಫೋಟೋದಿಂದ.

ಹಾಗಾಗಿ ಫೋಟೋ ತೆಗೆಯುವುದಕ್ಕೂ ಒಂದು ಕ್ರಮ ಬೇಕು. ಕಟಿಂಗ್ ಮಾಡಿಸಿ ಎರಡು ವಾರದ ಮೇಲೆ, ಎಣ್ಣೆ ಇಲ್ಲದ ಒಣ ತಲೆ, ಒಂದೇ ಕಿಟಕಿಯ ಪಕ್ಕ ಒಂದೇ ಹೊತ್ತಿನ ಬೆಳಕು, ಫ್ಲ್ಯಾಶ್ ಬೇಡ. ಬೇರೆಯವರ ಕೈಯಲ್ಲಿ ತೆಗೆಸಿ: ಕೂದಲನ್ನು ಹಿಂದಕ್ಕೆ ಒತ್ತಿ ಹಿಡಿದು ಹಣೆ, ಎಡ ಮೂಲೆ, ಬಲ ಮೂಲೆ, ತಲೆ ಬಗ್ಗಿಸಿ ನೆತ್ತಿ, ನಡು ಬೈತಲೆ ತೆಗೆದು ಇನ್ನೊಂದು. ಈ ಐದು ಚಿತ್ರ ಈಗ, ಮತ್ತೆ ಮೂರು ತಿಂಗಳಿಗೆ. ನಡುವೆ ಕನ್ನಡಿ ಏನು ಹೇಳಿದರೂ ನಂಬಬೇಡಿ. ಡಾಕ್ಟರ ಬಳಿ ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇದ್ದರೆ ಕೆಲಸ ಇನ್ನೂ ಸುಲಭ. ನೆತ್ತಿಯಲ್ಲಿ ದಪ್ಪ ಸಣ್ಣ ಕೂದಲು ಬೆರೆತಿದ್ದು, ಹಿಂತಲೆಯಲ್ಲಿ ಎಲ್ಲವೂ ಒಂದೇ ದಪ್ಪವಿದ್ದರೆ ರೋಗನಿರ್ಣಯ ಅಲ್ಲೇ ಮುಗಿಯಿತು, ಮೂರು ತಿಂಗಳು ಕಾಯಲೂ ಬೇಕಿಲ್ಲ. ಬರೆದುಕೊಟ್ಟವರ ಬಳಿ ಅದಿಲ್ಲದಿದ್ದರೆ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಂಥ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ವಿಚಾರಿಸಬಹುದು. ನಾಣ್ಯದಗಲ ದುಂಡಗೆ ನುಣ್ಣಗಾದ ಜಾಗ, ನೋವು, ಕೀವು, ಸಿಪ್ಪೆ ಏಳುವ ಕೆಂಪು ಚರ್ಮ ಇದ್ದರೆ ಇಲ್ಲಿ ಹೇಳುತ್ತಿರುವುದು ಯಾವುದೂ ಅನ್ವಯಿಸದು, ಬೇಗ ತೋರಿಸಿ.

ಬೋರ್‌ವೆಲ್ ನೀರಿನ ವಿಷಯಕ್ಕೆ ಬಂದರೆ, ಅಮ್ಮನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಮ್ಮ ಜಿಲ್ಲೆಯ ಗಡಸು ನೀರಿನಲ್ಲಿ ಸೋಪು, ಶಾಂಪೂ ಸರಿಯಾಗಿ ನೊರೆ ಬಿಡುವುದಿಲ್ಲ, ಕೂದಲು ಒರಟಾಗಿ ನಡುವೆ ಮುರಿಯಬಹುದು. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದರೆ ಹಲ್ಲಿಗೂ ಮೂಳೆಗೂ ಕೆಡುಕು. ಆದರೆ ನೀರಿನ ದೋಷವಾಗಿದ್ದರೆ ಕಿವಿಯ ಮೇಲಿನ ಕೂದಲೂ ಹೋಗಬೇಕಿತ್ತಲ್ಲ? ಅದೇ ನೀರು ಹಿಂತಲೆಗೂ ಬೀಳುತ್ತದೆ. ಹೆಲ್ಮೆಟ್ಟಿಗೂ ಇದೇ ಮಾತು. ಕೊಬ್ಬರಿ ಎಣ್ಣೆ ಕೂದಲು ಮುರಿಯುವುದನ್ನು ಕಡಿಮೆ ಮಾಡುತ್ತದೆ, ಬುಡ ಕುಗ್ಗುವುದನ್ನು ತಡೆಯುವುದಿಲ್ಲ. ಇನ್ನು ಅಪ್ಪನ ತಲೆ ನೋಡಿ ಸಮಾಧಾನಪಡಬೇಡಿ: ಡಿಎಚ್‌ಟಿ ಹಿಡಿದುಕೊಳ್ಳುವ ಗ್ರಾಹಕದ (ರಿಸೆಪ್ಟರ್) ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಗಂಡುಮಕ್ಕಳಿಗೆ ಅದು ಬರುವುದು ತಾಯಿಯಿಂದ. ಬೇರೆ ಜೀನ್‌ಗಳೂ ಇದರಲ್ಲಿ ಸೇರಿರುವುದರಿಂದ ಸೋದರಮಾವನ ತಲೆಯೇ ನಿಮ್ಮ ತಲೆಯ ಜಾತಕ ಎನ್ನುವಂತಿಲ್ಲ, ಆದರೆ ನಿಮ್ಮ ವಿಷಯದಲ್ಲಿ ಅದೂ ಒಂದು ಸುಳಿವು.

‘ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಔಷಧಿ ಕೆಲಸ ಮಾಡುವುದು ತೆಗೆದುಕೊಳ್ಳುವಷ್ಟು ದಿನ ಮಾತ್ರ. ಮಿನಾಕ್ಸಿಡಿಲ್ ಬಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ, ಫಿನಾಸ್ಟೆರೈಡ್ ಬಿಟ್ಟರೆ ಸುಮಾರು ಒಂದು ವರ್ಷದಲ್ಲಿ, ಅದು ಉಳಿಸಿದ್ದ ಕೂದಲು ಹೋಗುತ್ತದೆ. ಅಂದರೆ ಔಷಧಿಯೇ ಇಲ್ಲದಿದ್ದರೆ ಎಲ್ಲಿರುತ್ತಿದ್ದಿರೋ ಅಲ್ಲಿಗೆ ಬರುತ್ತೀರಿ. ಅದಕ್ಕಿಂತ ಕೆಳಗೆ ಹೋಗುವುದಿಲ್ಲ, ದೇಹಕ್ಕೆ ಚಟವೂ ಆಗುವುದಿಲ್ಲ. ನಲವತ್ತೈದರ ಹೊತ್ತಿಗೆ ಸಾಕು ಅನ್ನಿಸಿದರೆ ನಿಲ್ಲಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಆರು ತಿಂಗಳು ತಿಂದು ಮೂರು ತಿಂಗಳು ಬಿಟ್ಟು ಮತ್ತೆ ಹಿಡಿಯುವುದು ಮಾತ್ರ ಹಣ ದಂಡ.

ಫಲ ಎಷ್ಟು? 18ರಿಂದ 41 ವಯಸ್ಸಿನ ಗಂಡಸರ ಮೇಲೆ ನಡೆದ ಫಿನಾಸ್ಟೆರೈಡ್ 1 ಮಿ.ಗ್ರಾಂ ಪರೀಕ್ಷೆಗಳಲ್ಲಿ ಐದು ವರ್ಷದ ಕೊನೆಗೆ ನೆತ್ತಿಯ ಫೋಟೋಗಳನ್ನು ತಜ್ಞರು ಹೋಲಿಸಿದರು. ಮಾತ್ರೆ ತೆಗೆದುಕೊಂಡವರಲ್ಲಿ 48% ಮಂದಿಗೆ ಕೂದಲು ಹೆಚ್ಚಿತ್ತು, 42% ಇದ್ದಂತೆಯೇ ಇದ್ದರು, 10% ಮಂದಿಗೆ ಕಡಿಮೆಯಾಗಿತ್ತು. ಔಷಧಿಯಿಲ್ಲದ ಖಾಲಿ ಮಾತ್ರೆ ನುಂಗಿದವರಲ್ಲಿ 75% ಮಂದಿಗೆ ಕಡಿಮೆಯಾಗಿತ್ತು. ಈ ಅಂಕಿಯನ್ನು ‘ಇದ್ದದ್ದು ಉಳಿಯುತ್ತದೆ’ ಎಂದು ಓದಿ, ‘ಹೋದದ್ದು ಬರುತ್ತದೆ’ ಎಂದಲ್ಲ. ಹಣೆಯ ಮೂಲೆಗಳಲ್ಲಿ ಫಲ ನೆತ್ತಿಗಿಂತ ಕಡಿಮೆ. ಸುಳಿ ಆಗಷ್ಟೇ ತೆಳುವಾಗುತ್ತಿರುವ 26ರ ವಯಸ್ಸು ಈ ಮಾತ್ರೆಗೆ ಒಳ್ಳೆಯ ಕಾಲ ಎನ್ನುವುದು ಅದಕ್ಕೇ.

ಗಂಡಸುತನದ ಭಯ. ಇದನ್ನು ಮುಚ್ಚಿಡುವುದೂ ತಪ್ಪು, ಊದಿಸುವುದೂ ತಪ್ಪು. ಮೇಲಿನ ಪರೀಕ್ಷೆಗಳ ಮೊದಲ ವರ್ಷದಲ್ಲಿ ಆಸಕ್ತಿ ಕುಗ್ಗುವುದು, ನಿಮಿರುವಿಕೆ ಅಥವಾ ಸ್ಖಲನದ ತೊಂದರೆ ಇವುಗಳಲ್ಲಿ ಯಾವುದಾದರೊಂದು ಕಂಡದ್ದು ಮಾತ್ರೆಯವರಲ್ಲಿ 3.8%, ಖಾಲಿ ಮಾತ್ರೆಯವರಲ್ಲಿ 2.1%. ಬಹುತೇಕರಿಗೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ನಿಲ್ಲಿಸಿದ ಮೇಲೂ ಉಳಿದ ವರದಿಗಳಿವೆ, ಅವನ್ನು ಔಷಧಿಯ ಅಧಿಕೃತ ಮಾಹಿತಿಯಲ್ಲೇ ಸೇರಿಸಲಾಗಿದೆ. ಹೆದರಿಕೆಯೂ ಕೆಲಸ ಮಾಡುತ್ತದೆ: 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಪ್ರಾಸ್ಟೇಟ್ ರೋಗಿಗಳಿಗೆ 5 ಮಿ.ಗ್ರಾಂ ಕೊಟ್ಟು, ಅರ್ಧ ಮಂದಿಗೆ ಲೈಂಗಿಕ ಅಡ್ಡಪರಿಣಾಮದ ಬಗ್ಗೆ ಮೊದಲೇ ಹೇಳಿದರು, ಉಳಿದವರಿಗೆ ಹೇಳಲಿಲ್ಲ. ತೊಂದರೆ ಹೇಳಿಕೊಂಡವರು ಮೊದಲ ಗುಂಪಿನಲ್ಲಿ 43.6%, ಎರಡನೆಯದರಲ್ಲಿ 15.3%. ಹಾಗಂತ ತೊಂದರೆ ಬಂದವರಿಗೆಲ್ಲ ಅದು ಮನಸ್ಸಿನದ್ದು ಎಂದುಬಿಡುವುದು ವೈದ್ಯರಿಗೆ ಸಲ್ಲದ ಮಾತು. ಎದೆಯ ತೊಟ್ಟಿನ ಸುತ್ತ ನೋವು, ಗಂಟು ಕಂಡರೂ ನಿಲ್ಲಿಸಿ ತೋರಿಸಬೇಕು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದದ್ದು ಮನಸ್ಸಿನ ಆರೋಗ್ಯ. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ನಿಯಂತ್ರಕರ ಸುರಕ್ಷತಾ ಸಮಿತಿ, ಆತ್ಮಹತ್ಯೆಯ ಆಲೋಚನೆಯನ್ನು ಫಿನಾಸ್ಟೆರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ದೃಢಪಡಿಸಿತು. ಹಿಂದೆ ಖಿನ್ನತೆ ಬಂದಿದ್ದರೆ, ಅದಕ್ಕೆ ಮಾತ್ರೆ ತೆಗೆದುಕೊಂಡಿದ್ದರೆ ಚೀಟಿ ಬರೆದವರಿಗೆ ಹೇಳಲೇಬೇಕು. ಅಂಥವರಿಗೆ ಮಿನಾಕ್ಸಿಡಿಲ್ ಒಂದರಲ್ಲೇ ಸಾಗುವುದು ಮೇಲು. ಶುರು ಮಾಡಿದ ಮೇಲೆ ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಅಂದೇ ನಿಲ್ಲಿಸಿ ಡಾಕ್ಟರಿಗೆ ಹೇಳಿ. ನೈಟ್ ಶಿಫ್ಟಿನ ಸುಸ್ತು ಎಂದು ತಳ್ಳಿಹಾಕಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಮಾತ್ರೆ ಶುರು ಮಾಡಿದ್ದು ಗೊತ್ತಿರಲಿ, ಬದಲಾವಣೆ ಮೊದಲು ಕಾಣುವುದು ಅವರಿಗೆ.

ಮದುವೆಯ ವಿಷಯದಲ್ಲಿ ಎರಡು ಲೆಕ್ಕವಿದೆ. ಒಂದು ಕ್ಯಾಲೆಂಡರಿನದು. ಮಿನಾಕ್ಸಿಡಿಲ್ ಶುರು ಮಾಡಿದ ಎರಡನೇ ವಾರದಿಂದ ಎಂಟನೇ ವಾರದ ಒಳಗೆ ಹಲವರಿಗೆ ಉದುರುವುದು ಜಾಸ್ತಿಯಾಗುತ್ತದೆ. ಸುಮ್ಮನೆ ಕೂತಿದ್ದ ಹಳೆಯ ಕೂದಲನ್ನು ತಳ್ಳಿ ಹೊಸದು ಹೊರಡುವುದರಿಂದ ಹಾಗಾಗುತ್ತದೆ. ಫಲ ಕಣ್ಣಿಗೆ ಬೀಳಲು ನಾಲ್ಕರಿಂದ ಆರು ತಿಂಗಳು, ಪೂರ್ತಿ ತಿಳಿಯಲು ಒಂದು ವರ್ಷ ಬೇಕು. ಮುಂದಿನ ತಿಂಗಳು ಹೆಣ್ಣು ನೋಡಲು ಹೋಗುವ ಅವಸರದಲ್ಲಿ ಇವತ್ತು ಶುರು ಮಾಡಿದರೆ ತಲೆ ಆ ಹೊತ್ತಿಗೆ ಇನ್ನೂ ತೆಳುವಾಗಿ ಕಂಡೀತು. ಇನ್ನೊಂದು ಲೆಕ್ಕ ಮಗುವಿನದು. ಫಿನಾಸ್ಟೆರೈಡ್ ಕೆಲವರಲ್ಲಿ ವೀರ್ಯಾಣು ಸಂಖ್ಯೆ ಇಳಿಸುತ್ತದೆ. ಮೊದಲೇ ಕಡಿಮೆ ಇದ್ದವರಿಗೆ ಅದು ತೊಡಕು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಾಗುವುದರಿಂದ, ಮಗು ಬೇಕೆಂದು ತೀರ್ಮಾನಿಸುವ ಮೂರು ತಿಂಗಳ ಮೊದಲು ಡಾಕ್ಟರೊಂದಿಗೆ ಮಾತಾಡಿ. ವೀರ್ಯದ ಮೂಲಕ ಹೆಂಡತಿಗೆ ಹೋಗುವ ಔಷಧಿ ಲೆಕ್ಕಕ್ಕಿಲ್ಲದಷ್ಟು. ಆದರೆ ಗರ್ಭಿಣಿ ಪುಡಿಯಾದ ಅಥವಾ ತುಂಡಾದ ಮಾತ್ರೆ ಮುಟ್ಟಬಾರದು, ಹೊಟ್ಟೆಯಲ್ಲಿ ಗಂಡು ಮಗು ಇದ್ದರೆ ಅದರ ಜನನಾಂಗದ ಬೆಳವಣಿಗೆಗೆ ತೊಂದರೆಯಾಗಬಹುದು. ಹಣ ಉಳಿಸಲು 5 ಮಿ.ಗ್ರಾಂ ಮಾತ್ರೆಯನ್ನು ನಾಲ್ಕು ತುಂಡು ಮಾಡುವವರು ಇದನ್ನು ನೆನಪಿಡಬೇಕು. ಕೈಹಿಡಿಯುವವರಿಗೆ ಮಾತ್ರೆಯ ವಿಷಯ ಹೇಳಲೇಬೇಕಾದದ್ದು ಈ ಕಾರಣಕ್ಕೂ ಹೌದು.

ಶುರು ಮಾಡುವುದಾದರೆ ಎರಡನ್ನೂ ಒಂದೇ ದಿನ ಬೇಡ ಎಂಬುದು ನನ್ನ ಸಲಹೆ. ಒಟ್ಟಿಗೆ ಕೊಡುವ ವೈದ್ಯರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಎದೆ ಬಡಿತ ಹೆಚ್ಚಿದರೆ, ಆಸಕ್ತಿ ಕುಗ್ಗಿದರೆ ಯಾವುದರಿಂದ ಎಂದು ತಿಳಿಯದೆ ಎರಡನ್ನೂ ಬಿಡುವವರೇ ಹೆಚ್ಚು. ಒಂದನ್ನು ಹಿಡಿದು, ಎರಡು ಮೂರು ತಿಂಗಳ ಮೇಲೆ ಇನ್ನೊಂದನ್ನು ಸೇರಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಮಾತ್ರೆಯ ಭಯ ಹೋಗದಿದ್ದರೆ ಮಿನಾಕ್ಸಿಡಿಲ್ಲೇ ಮೊದಲಾಗಲಿ. ಫಿನಾಸ್ಟೆರೈಡ್ ದಿನಕ್ಕೊಂದು, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದಿಲ್ಲ. ಶಿಫ್ಟ್ ಬದಲಾಗುವ ನಿಮಗೆ ಗಡಿಯಾರ ನೋಡಿ ನುಂಗುವುದು ಕಷ್ಟ, ಎದ್ದು ಹಲ್ಲುಜ್ಜಿದ ಮೇಲೆ ಎಂದಿಟ್ಟುಕೊಳ್ಳಿ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ನುಂಗಬೇಡಿ. ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಿ, ಈ ಮಾತ್ರೆ ಕರಗುವುದು ಅಲ್ಲೇ.

ಔಷಧಿ ಅಂಗಡಿಯಲ್ಲಿ ಬಾಟಲಿಯ ಹೆಸರಿನ ಕೊನೆಗೆ ‘ಎಫ್’ ಇದೆಯೇ ನೋಡಿ. ಮಿನಾಕ್ಸಿಡಿಲ್ ಜೊತೆ ಫಿನಾಸ್ಟೆರೈಡ್ ಬೆರೆಸಿದ ದ್ರಾವಣಗಳನ್ನು ಸಾಮಾನ್ಯವಾಗಿ ಹಾಗೆ ಮಾರುತ್ತಾರೆ. ಲೇಬಲ್ಲಿನ ಸಣ್ಣ ಅಕ್ಷರ ಓದಿ. ಮಾತ್ರೆಯನ್ನೂ ನುಂಗಿ ಅದನ್ನೂ ಹಚ್ಚಿದರೆ ಒಂದೇ ಔಷಧಿ ಎರಡು ದಾರಿಯಲ್ಲಿ ಹೋಗುತ್ತದೆ. ತಲೆಗೆ ಹಚ್ಚಿದ್ದು ರಕ್ತಕ್ಕೆ ಸೇರುವುದೇ ಇಲ್ಲ ಎನ್ನುವುದು ಜಾಹೀರಾತಿನ ಮಾತು. ಕಡಿಮೆ ಸೇರುತ್ತದೆ, ಅಷ್ಟೇ.

ಮಿನಾಕ್ಸಿಡಿಲ್ ಹೆಚ್ಚಾಗಿ ಸೋಲುವುದು ಹಚ್ಚುವ ಕ್ರಮದಲ್ಲಿ. ಒಂದು ಸಲಕ್ಕೆ 1 ಮಿ.ಲೀ., ದಿನಕ್ಕೆ ಎರಡು ಸಲ. 60 ಮಿ.ಲೀ. ಬಾಟಲಿ 30 ದಿನಕ್ಕೆ ಖಾಲಿಯಾಗಬೇಕು. ಎರಡು ತಿಂಗಳು ಬಂದರೆ ಉಳಿತಾಯವಾಯಿತು ಎಂದು ಖುಷಿಪಡಬೇಡಿ, ನೀವು ಹಚ್ಚಿದ್ದು ಅರ್ಧ. ತಲೆ ಪೂರ್ತಿ ಒಣಗಿರಬೇಕು. ಬಾಚಣಿಗೆಯ ತುದಿಯಿಂದ ನೆತ್ತಿಯಲ್ಲಿ ನಾಲ್ಕೈದು ಬೈತಲೆ ತೆಗೆದು, ಪ್ರತಿ ಗೆರೆಯ ಚರ್ಮದ ಮೇಲೆ ಡ್ರಾಪರ್‌ನಿಂದ ಸ್ವಲ್ಪ ಸ್ವಲ್ಪ ಬಿಟ್ಟು ಬೆರಳ ತುದಿಯಿಂದ ಹರಡಿ. ಕೂದಲಿಗೆ ಮೆತ್ತಿದ್ದು ಕೂದಲಲ್ಲೇ ಒಣಗುತ್ತದೆ. ನಾಲ್ಕು ಗಂಟೆ ತಲೆ ತೊಳೆಯಬೇಡಿ. ಮಲಗುವ ಎರಡು ಗಂಟೆ ಮೊದಲು ಹಚ್ಚಿ. ಹಸಿಯಾಗಿದ್ದರೆ ದಿಂಬಿಗೆ ತಾಗಿ ಮುಖಕ್ಕೆ ಬರುತ್ತದೆ, ಕೆನ್ನೆಯಲ್ಲಿ ರೋಮ ಹೆಚ್ಚುತ್ತದೆ. ಕೈ ಸೋಪಿನಿಂದ ತೊಳೆಯಿರಿ. ಹೆಲ್ಮೆಟ್ ಒಣಗಿದ ಮೇಲೆ. ಅಮ್ಮನ ಎಣ್ಣೆ ಸ್ನಾನ ನಿಲ್ಲಿಸಬೇಕಿಲ್ಲ: ಎಣ್ಣೆ ಹಚ್ಚಿ, ಶಾಂಪೂ ಹಾಕಿ ತೊಳೆದು, ಒಣಗಿಸಿ, ಆಮೇಲೆ ಔಷಧಿ. ಎಣ್ಣೆ ತಲೆಯ ಮೇಲೆ ಹಚ್ಚಿದರೆ ಚರ್ಮಕ್ಕೆ ಸರಿಯಾಗಿ ಇಳಿಯದು. ನವೆ, ಸಿಪ್ಪೆ ಎದ್ದರೆ ದ್ರಾವಣದಲ್ಲಿರುವ ಪ್ರೊಪೈಲೀನ್ ಗ್ಲೈಕಾಲ್ ಕಾರಣವಿರಬಹುದು, ಅದಿಲ್ಲದ ಫೋಮ್ ಕೇಳಿ. ತಲೆಸುತ್ತು, ಎದೆ ಬಡಿತ, ಕಾಲು ಊತ ಬಂದರೆ ನಿಲ್ಲಿಸಿ ತೋರಿಸಿ. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿ, ದಿಂಬು ಎರಡನ್ನೂ ಅದರಿಂದ ದೂರವಿಡಿ. ಬೆಕ್ಕಿಗೆ ಮಿನಾಕ್ಸಿಡಿಲ್ ಪ್ರಾಣಾಂತಕ ವಿಷ.

ಜೊತೆಗೆ ಬಯೋಟಿನ್ ಮಾತ್ರೆ ಬರೆದಿದ್ದರೆ ಯಾಕೆಂದು ಕೇಳಿ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬಂದ ಪುರಾವೆಯಿಲ್ಲ, ಮೇಲಾಗಿ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನು ಅದು ಏರುಪೇರು ಮಾಡುತ್ತದೆ. ಕೂದಲು ಕಸಿಯ ಮಾತು ಈ ವಯಸ್ಸಿಗೆ ಬೇಡ. ಮುಂದೆ ನೆಟ್ಟ ಕೂದಲು ಉಳಿದು, ಔಷಧಿಯಿಲ್ಲದೆ ಅದರ ಹಿಂದಿನದು ಹೋದರೆ ನಡುವೆ ಖಾಲಿ ಬೀಳುತ್ತದೆ, ಹಿಂತಲೆಯಿಂದ ತೆಗೆಯಬಹುದಾದ ಕೂದಲಿಗೂ ಮಿತಿಯಿದೆ.

ಶುರು ಮಾಡಿದ ದಿನದ ಐದು ಫೋಟೋ ತೆಗೆದಿಡಿ, ಆರನೇ ತಿಂಗಳಿಗೆ ಹೋಲಿಸಿ, ಹನ್ನೆರಡಕ್ಕೆ ತೀರ್ಮಾನಿಸಿ. ಇದ್ದಂತೆಯೇ ಇದೆ ಎಂದರೆ ಔಷಧಿ ಕೆಲಸ ಮಾಡಿದೆ ಎಂದೇ ಅರ್ಥ. ವರ್ಷವಾದರೂ ಇಳಿಯುತ್ತಲೇ ಇದ್ದರೆ, ಸರಿಯಾಗಿ ತೆಗೆದುಕೊಂಡಿದ್ದೂ ನಿಜವಾದರೆ, ಮುಂದುವರಿಸಲು ಕಾರಣವಿಲ್ಲ. ಇದೇ ಜಾತಿಯ ಇನ್ನೊಂದು ಔಷಧಿ ಡುಟಾಸ್ಟೆರೈಡ್‌ನಂಥ ಬೇರೆ ದಾರಿಯ ಬಗ್ಗೆ ಆಗ ಮಾತಾಡಬಹುದು. ಅದು ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಮಗುವಿನ ಯೋಚನೆ ಇರುವವರಿಗೆ ಮೊದಲ ಆಯ್ಕೆಯಲ್ಲ. ಇನ್ನೊಂದು ವಿಷಯ: ಕಂಪನಿಯ ರಕ್ತದಾನ ಶಿಬಿರದಲ್ಲಿ ಫಿನಾಸ್ಟೆರೈಡ್ ವಿಷಯ ಹೇಳಿ. ಕೊನೆಯ ಮಾತ್ರೆ ನುಂಗಿ ಒಂದು ತಿಂಗಳು, ಡುಟಾಸ್ಟೆರೈಡ್ ಆದರೆ ಆರು ತಿಂಗಳು ರಕ್ತ ಕೊಡಬಾರದು, ಆ ರಕ್ತ ಗರ್ಭಿಣಿಗೆ ಹೋಗಬಹುದು. ಮುಂದೆ ಎಂದಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗಾಗಿ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗಲೂ ಹೇಳಬೇಕು. ಈ ಮಾತ್ರೆ ಆ ಅಂಕಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಗೊತ್ತಿಲ್ಲದ ಡಾಕ್ಟರು ಎಲ್ಲ ಸರಿ ಇದೆ ಎಂದು ಓದಿಬಿಡುತ್ತಾರೆ.